ಜೀನಿನ ಮೇಲೆ ಕೂತ ಮೌನಿ

ಜಟಕಾ ಕುದುರೆಯ ಕಣ್ಣಿನ ಎರಡೂ ಬದಿಗೆ ಕಟ್ಟುವ ಚರ್ಮದ ಪಟ್ಟಿಯನ್ನು ನೀವು ನೋಡಿರುತ್ತೀರಿ. ಮೈಸೂರಿನಲ್ಲಿ ಬೆಳೆದ ನನಗೆ ಚಿಕ್ಕಂದಿನಲ್ಲಿ ಅದನ್ನು ಕಂಡರೆ ಸಂಕಟ. ಅಕ್ಕಪಕ್ಕ ಇಷ್ಟೊಂದು ಲೋಕವಿದ್ದೂ ಪಾಪ, ಬರೀ ಮುಂದಿನ ರಸ್ತೆಯನ್ನೇ ನೋಡಬೇಕಲ್ಲ! “ಅದು ಬೆದರಬಾರದು ಅಂತ ಕಟ್ತಾರೆ ಕಣೋ” ಎಂದು ಸಮಾಧಾನ ಹೇಳಿದವರು ನನ್ನ ಸೋದರಮಾವ. ಮುಂದೊಂದು ದಿನ ಅವರ ಕಣ್ಣಿಗೇ ಅಂಥ ಪಟ್ಟಿ ಬೀಳುತ್ತದೆಂದು ಯಾರಿಗೆ ಗೊತ್ತಿತ್ತು?

ಅದನ್ನು ಹೇಳುತ್ತೇನೆ, ಆದರೆ ಕುದುರೆ ಎಂದ ಮೇಲೆ ಜೀನು ಬೇಡವೇ? ನಮ್ಮೆಲ್ಲರ ತಲೆಯೊಳಗೂ ಒಂದು ಜೀನಿದೆ. ಮೂಗಿನ ಹಿಂದೆ, ಮೆದುಳಿನ ಅಡಿಯಲ್ಲಿ, ಬುರುಡೆಯ ಮೂಳೆಯಲ್ಲೊಂದು ತಗ್ಗು. ಅದರ ಆಕಾರ ಕಂಡು ಹಿಂದಿನವರು ಇಟ್ಟ ಲ್ಯಾಟಿನ್ ಹೆಸರು ಸೆಲ್ಲಾ ಟರ್ಸಿಕಾ, ಅಂದರೆ ತುರ್ಕಿ ಜೀನು. ಅದರ ಮೇಲೆ ಕೂತ ಸವಾರನೇ ಪಿಟ್ಯುಟರಿ ಗ್ರಂಥಿ. ಬಟಾಣಿ ಕಾಳಿನ ಗಾತ್ರ, ಅರ್ಧ ಗ್ರಾಮಿನ ಆಸುಪಾಸು ತೂಕ. ಥೈರಾಯ್ಡಿಗೆ ಕೆಲಸ ಹಚ್ಚುವುದು, ಅಡ್ರಿನಲ್ ಗ್ರಂಥಿಯನ್ನು ಎಚ್ಚರಿಸುವುದು, ಮಕ್ಕಳನ್ನು ಬೆಳೆಸುವುದು, ಬಾಣಂತಿಗೆ ಹಾಲು ತರಿಸುವುದು, ಎಲ್ಲ ಇದರ ಯಜಮಾನಿಕೆ.

ಇಲ್ಲಿ ಹುಟ್ಟುವ ಗಡ್ಡೆಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಕೆಲವು ಮಾತ್ರ ಬಲು ಗದ್ದಲದವು. ಬೆಳವಣಿಗೆಯ ಹಾರ್ಮೋನು ಸುರಿಸುವ ಗಡ್ಡೆ ದೊಡ್ಡವರ ಕೈಕಾಲು, ದವಡೆಗಳನ್ನು ಹಿಗ್ಗಿಸುತ್ತದೆ. 1886ರಲ್ಲಿ ಪ್ಯಾರಿಸ್ಸಿನ ಪಿಯರ್ ಮಾರಿ ಅದಕ್ಕೆ ಅಕ್ರೊಮೆಗಲಿ ಎಂದು ಹೆಸರಿಟ್ಟರು. ಉಂಗುರ ಬಿಗಿಯಾಗುತ್ತದೆ, ಚಪ್ಪಲಿ ಹಿಡಿಸುವುದಿಲ್ಲ, ಊರೆಲ್ಲ ಗಮನಿಸುತ್ತದೆ. ಇನ್ನು ಸುಮಾರು ಮೂರನೇ ಒಂದು ಪಾಲು ಗಡ್ಡೆಗಳಿಂದ ಹಾರ್ಮೋನಿನ ಸದ್ದೇ ಇಲ್ಲ. ಮೌನ ಗಡ್ಡೆಗಳು. ಇವುಗಳಲ್ಲಿ ಹೆಚ್ಚಿನವು ಸಂತಾನಕ್ಕೆ ಸಂಬಂಧಪಟ್ಟ ಹಾರ್ಮೋನು ತಯಾರಿಸುವ ಕೋಶಗಳಿಂದ ಹುಟ್ಟಿದವು. ಕೆಲವಂತೂ ಒಳಗೊಳಗೇ ಹಾರ್ಮೋನು ಮಾಡಿಕೊಂಡಿದ್ದರೂ ಮೈಮೇಲೆ ಒಂದು ಗುರುತನ್ನೂ ತೋರಿಸುವುದಿಲ್ಲ. ಎ.ಸಿ.ಟಿ.ಎಚ್. ಎಂಬ ಹಾರ್ಮೋನನ್ನು ಹೀಗೆ ಬಚ್ಚಿಟ್ಟುಕೊಂಡ ಗಡ್ಡೆ ತೆಗೆದ ಮೇಲೂ ಮರಳುವುದು ಹೆಚ್ಚು. ಅದಕ್ಕೇ ವೈದ್ಯರು ಅದರ ಮೇಲೆ ಒಂದು ಕಣ್ಣು ಜಾಸ್ತಿಯೇ ಇಟ್ಟಿರುತ್ತಾರೆ.

ನಮ್ಮ ಮಾವನೂ ಮೌನಿಯೇ. ಸಾರಿಗೆ ಉಪ್ಪು ಸಾಲದಿದ್ದರೂ ಹೇಳದೆ ಉಂಡು ಎದ್ದವರು. ಹೀಗಾಗಿ ಮೊದಲ ಸುಳಿವು ಕೊಟ್ಟವನು ಕ್ಷೌರದಂಗಡಿಯವನು: “ಯಾಕೆ ಸ್ವಾಮಿ, ಗಡ್ಡ ಬೆಳೀತಾನೇ ಇಲ್ವಲ್ಲ?” ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. ಮಧ್ಯಾಹ್ನವೂ ಶಾಲು ಹೊದೆಯುತ್ತಿದ್ದರು, ನಾಲ್ಕು ಮೆಟ್ಟಿಲಿಗೆ ಸುಸ್ತಾಗುತ್ತಿದ್ದರು. ವಯಸ್ಸು ಎಂದುಕೊಂಡೆವು. ಬೆಳೆದ ಗಡ್ಡೆ ಗ್ರಂಥಿಯನ್ನು ಅಮುಕಿ, ಅದರ ಕೆಲಸಗಳನ್ನು ಒಂದೊಂದಾಗಿ ನಿಲ್ಲಿಸುತ್ತಿತ್ತೆಂದು ಆಮೇಲೆ ತಿಳಿಯಿತು.

ಮತ್ತೆ ಕುದುರೆಗೆ ಬರೋಣ. ಆ ಜೀನಿನ ಸ್ವಲ್ಪ ಮೇಲೆಯೇ ಎರಡು ಕಣ್ಣಿನ ನರಗಳು ಕೂಡುತ್ತವೆ. ಹೊರಬದಿಯ ನೋಟ ಹೊತ್ತ ಎಳೆಗಳು ಅಲ್ಲಿ ಒಂದನ್ನೊಂದು ದಾಟುತ್ತವೆ. ಗಡ್ಡೆ ಕೆಳಗಿನಿಂದ ಒತ್ತಿದರೆ ಪೆಟ್ಟಾಗುವುದು ಆ ಎಳೆಗಳಿಗೇ. ಎದುರಿನದು ಕಾಣುತ್ತದೆ, ಎರಡೂ ಪಕ್ಕ ಮಾಯ! ಮಾವನ ಭುಜ ಬಾಗಿಲ ಚೌಕಟ್ಟಿಗೆ ತಗಲುತ್ತಿತ್ತು. ಪಂಕ್ತಿಯಲ್ಲಿ ಬಡಿಸುವವರು ಪಕ್ಕದಲ್ಲೇ ಬಂದು ನಿಂತರೂ ತಿಳಿಯುತ್ತಿರಲಿಲ್ಲ. ಏನೋ ಕೋಪವಿರಬೇಕೆಂದು ಬಡಿಸದೆ ಮುಂದೆ ಹೋದವರೂ ಉಂಟು. ಎರಡು ಸಲ ಕನ್ನಡಕ ಬದಲಾಯಿತು. ಗೋಡೆಯ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದುತ್ತಿದ್ದರಲ್ಲ, ಕಣ್ಣಿಗೆ ತೊಂದರೆಯಿದೆ ಎನ್ನುವುದು ಹೇಗೆ? ಕಡೆಗೆ ಒಬ್ಬ ಕಣ್ಣಿನ ಡಾಕ್ಟರಮ್ಮ ಬೋಗುಣಿಯಂಥ ಯಂತ್ರದ ಮುಂದೆ ಕೂರಿಸಿ, ಮಿಣುಕು ಬೆಳಕು ಕಂಡಾಗೆಲ್ಲ ಗುಂಡಿ ಒತ್ತಿಸಿದರು. ಎರಡೂ ಹೊರಬದಿಯಲ್ಲಿ ಮಾವ ಒತ್ತಲೇ ಇಲ್ಲ. ಎಂ.ಆರ್.ಐ. ಆಯಿತು. ಎರಡೂವರೆ ಸೆಂಟಿಮೀಟರ್ ಗಡ್ಡೆ. ಒಂದು ಸೆಂಟಿಮೀಟರ್ ಮುಟ್ಟಿದರೇ ದೊಡ್ಡದರ ಸಾಲಿಗೆ ಸೇರುತ್ತದೆ.

“ಮೊದಲೇ ಹೇಳಬಾರದಿತ್ತೇ ಮಾವ?” ಎಂದೆ. “ನೀವ್ಯಾರೂ ಕೇಳ್ಲಿಲ್ಲವಲ್ಲೋ” ಎಂದರು. ಆ ಮಾತು ಇವತ್ತಿಗೂ ಎದೆಯಲ್ಲಿ ಕೂತಿದೆ.

ಆಪರೇಷನ್ ಆದದ್ದು ಮೂಗಿನ ಮೂಲಕ. ಇಲ್ಲೊಂದು ಸ್ವಾರಸ್ಯವಿದೆ. ಪಿಟ್ಯುಟರಿ ಎಂಬ ಹೆಸರಿನ ಮೂಲದ ಲ್ಯಾಟಿನ್ ಪದಕ್ಕೆ ಕಫ ಎಂದರ್ಥ. ಮೆದುಳಿನ ಕಫ ಈ ಗ್ರಂಥಿಯಿಂದ ಮೂಗಿಗೆ ಇಳಿಯುತ್ತದೆಂದು ಹಳಬರು ನಂಬಿದ್ದರು. 1543ರಲ್ಲಿ ಅಂಗರಚನಾ ಪಂಡಿತ ವೆಸಾಲಿಯಸ್ ಕೂಡ ಅದನ್ನು ಕಫದ ಗ್ರಂಥಿಯೆಂದೇ ಬರೆದ. ಅಂಥ ದಾರಿ ಇರಲೇ ಇಲ್ಲ. ಆದರೆ 1907ರಲ್ಲಿ ಆಸ್ಟ್ರಿಯದ ಇನ್ಸ್‌ಬ್ರುಕ್ಕಿನಲ್ಲಿ ಹರ್ಮನ್ ಶ್ಲೋಫರ್ ಮೂಗಿನ ಕಡೆಯಿಂದಲೇ ಮೂಳೆ ಕೊರೆದು ಗಡ್ಡೆ ತೆಗೆದರು. ಕಫ ಇಳಿಯದ ದಾರಿಯಲ್ಲಿ ವೈದ್ಯ ಹತ್ತಿಹೋದ, ನೋಡಿ!

ಮಾವನ ಗಡ್ಡೆಯ ಒಂದು ಚೂರು ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡಿತ್ತು, ಬಿಟ್ಟಿದ್ದಾರೆ. ಉಳಿದ ಚೂರು ವರ್ಷಗಳ ಮೇಲೆ ಸದ್ದಿಲ್ಲದೆ ಬೆಳೆಯಬಹುದು, ರಕ್ತಪರೀಕ್ಷೆಯಲ್ಲಿ ಸಿಗುವ ಹಾರ್ಮೋನಿನ ಗುರುತೂ ಇಲ್ಲ, ಆದ್ದರಿಂದ ವರ್ಷಕ್ಕೊಮ್ಮೆ ಎಂ.ಆರ್.ಐ. ಬೆಳಿಗ್ಗೆ ಎದ್ದೊಡನೆ ಕಾರ್ಟಿಸೋನ್ ಮಾತ್ರೆ. ಜ್ವರ ಬಂದರೆ ವೈದ್ಯರು ಹೇಳಿದಷ್ಟು ಹೆಚ್ಚಿಸಬೇಕು, ಮರೆಯುವಂತಿಲ್ಲ. ಮಾತ್ರೆ ಆಯಿತೇ, ಸುಸ್ತಿದೆಯೇ ಎಂದು ದಿನಾ ಫೋನಿನಲ್ಲಿ ಕೇಳುತ್ತೇನೆ. ಉತ್ತರ ಎರಡೇ ಪದ. ಇರಲಿ, ಕೇಳುವುದನ್ನು ಬಿಟ್ಟಿಲ್ಲ.

ಮೊನ್ನೆ ಹೋದಾಗ ಜಗಲಿಯಲ್ಲಿ ಕೂತು ಪೇಪರು ಓದುತ್ತಿದ್ದರು. ನಾನು ಪಕ್ಕದ ಗೇಟಿನಿಂದ ಸದ್ದಾಗದಂತೆ ಒಳಗೆ ಬಂದೆ. ತಲೆ ಎತ್ತದೆಯೇ, “ಚಪ್ಪಲಿ ಅಲ್ಲೇ ಬಿಡೋ, ಈಗ ತಾನೇ ರಂಗೋಲಿ ಹಾಕಿದಾರೆ” ಎಂದರು.