ಮಲ್ಪೆಯ ಧಕ್ಕೆಯಲ್ಲಿ ಒಂದು ಪ್ರಾತಃಕಾಲ

ಉಡುಪಿಯಿಂದ ಪಡುವಣ ದಿಕ್ಕಿಗೆ ಸುಮಾರು 6 ಕಿಲೋಮೀಟರು ನಡೆದರೆ ಮಲ್ಪೆ. ಯಾತ್ರಿಕರು ಸಾಮಾನ್ಯವಾಗಿ ಅಲ್ಲಿಗೆ ಹೋಗುವುದು ವಡಭಾಂಡೇಶ್ವರದ ಬಲರಾಮದೇವರ ದರ್ಶನಕ್ಕೆ, ಇಲ್ಲವೆ ಸೈಂಟ್ ಮೇರಿ ದ್ವೀಪದ ಕಂಬಗಳಂತಹ ಬಂಡೆಗಳನ್ನು ನೋಡುವುದಕ್ಕೆ. ಬಿರುಗಾಳಿಗೆ ಸಿಕ್ಕಿದ ಹಡಗನ್ನು ಶ್ರೀಮಧ್ವಾಚಾರ್ಯರು ತಮ್ಮ ಉತ್ತರೀಯವನ್ನು ಬೀಸಿ ದಡಕ್ಕೆ ಕರೆದುದೂ, ಅದರಲ್ಲಿದ್ದ ಗೋಪೀಚಂದನದ ಹೆಂಟೆಯೊಳಗೆ ಶ್ರೀಕೃಷ್ಣನ ವಿಗ್ರಹವು ದೊರೆತುದೂ ಈ ತೀರದಲ್ಲಿಯೇ ಎಂದು ಸಂಪ್ರದಾಯವು ಹೇಳುತ್ತದೆ. ನಾನು ಈ ಸಲ ಹೋದುದು ದೇವರಿಗೂ ಅಲ್ಲ, ದ್ವೀಪಕ್ಕೂ ಅಲ್ಲ. ಈಗ ದೋಣಿಯೊಂದರ ಯಜಮಾನನಾಗಿರುವ ನನ್ನ ಹಳೆಯ ಶಿಷ್ಯನೊಬ್ಬನು ಕರೆದುದರಿಂದ ಮೀನಿನ ಬಂದರಕ್ಕೆ ಹೋದೆನು. ಶಾಕಾಹಾರಿಯಾದ ನನಗೆ ಅಲ್ಲೇನು ವ್ಯಾಪಾರವೆಂದು ಮನೆಯಲ್ಲಿ ನಕ್ಕರು.

ನೂಲು ಹುಣ್ಣಿಮೆಯು ಕಳೆದು ಕೆಲವು ದಿನಗಳಾಗಿದ್ದುವು. ಆ ದಿನ ಮೊಗವೀರರು ಸಮುದ್ರಕ್ಕೆ ಹಾಲು, ಫಲ, ತೆಂಗಿನಕಾಯಿಗಳನ್ನು ಅರ್ಪಿಸಿ ಪೂಜಿಸುತ್ತಾರೆ. ಜೂನ್ 1ರಿಂದ ಜುಲೈ 31ರ ವರೆಗೆ, ಅಂದರೆ 61 ದಿನ, ಯಂತ್ರದ ದೋಣಿಗಳು ಕಡಲಿಗಿಳಿಯಬಾರದೆಂಬ ನಿಷೇಧವಿರುವುದು. ಅದು ಮುಗಿದುದರಿಂದ ಧಕ್ಕೆಯಲ್ಲಿ ಕಾಲಿಡುವುದಕ್ಕೆ ಸ್ಥಳವಿರಲಿಲ್ಲ. ಇನ್ನೂ ನಸುಗತ್ತಲೆ. ದೋಣಿಗಳು ಒಂದಕ್ಕೊಂದು ತಾಗಿ ನಿಂತಿದ್ದುವು. ಮಂಜುಗಡ್ಡೆಯನ್ನು ಪುಡಿಮಾಡುವ ಸದ್ದು, ಹೆಂಗಸರು ಬೆಲೆ ಕೂಗುವ ಗದ್ದಲ, ತಲೆಯ ಮೇಲೆ ಹಾರುವ ಹದ್ದುಗಳು! ನಾನು ಶಾಲಿನ ತುದಿಯನ್ನು ಮೂಗಿಗೆ ಹಿಡಿದುದನ್ನು ಕಂಡು ಒಬ್ಬ ಮುದುಕಿಯು ತುಳುವಿನಲ್ಲಿ ಏನೋ ಹೇಳಿ ನಕ್ಕಳು. ನಾನೂ ನಕ್ಕೆನು.

ಒಂದು ಬದಿಯಲ್ಲಿ ಬಂಗುಡೆ, ಅಂಜಲು, ಸಿಗಡಿಗಳನ್ನು ಬೇರೆ ಬೇರೆಯಾಗಿ ಆರಿಸಿಟ್ಟಿದ್ದರು. ಮತ್ತೊಂದು ಬದಿಯಲ್ಲಿ ಯಾರೂ ಆರಿಸದ ಒಂದು ದೊಡ್ಡ ರಾಶಿ. ಬೆರಳುದ್ದದ ಮರಿಗಳು, ಏಡಿಗಳು, ಹೆಸರೇ ತಿಳಿಯದ ಜಂತುಗಳು ಅದರಲ್ಲಿ ಒಂದಾಗಿ ಬಿದ್ದಿದ್ದುವು.

"ಇದೇನಪ್ಪಾ?" ಎಂದೆನು.

"ಫಿಶ್‌ಮೀಲಿಗೆ, ಮಾಷ್ಟ್ರೇ. ಕಾರ್ಖಾನೆಯವರು ಒಯ್ದು ಹಿಟ್ಟು ಮಾಡುತ್ತಾರೆ. ಟ್ರಾಲ್ ಬಲೆ ಕಡಲಿನ ತಳವನ್ನೇ ಗುಡಿಸಿಕೊಂಡು ಬರುತ್ತದೆ. ಬೇಕಾದ್ದು ಬೇಡಾದ್ದು ಅಂತ ಅದಕ್ಕೆ ಗೊತ್ತಿಲ್ಲ."

ಸ್ವಲ್ಪ ತಡೆದು ಅವನೇ ಹೇಳಿದನು: "ಎಂಟನೆಯ ಕ್ಲಾಸಿನಲ್ಲಿ ತಾವು ರತ್ನಾಕರ ಎಂಬ ಶಬ್ದಕ್ಕೆ ಅರ್ಥ ಹೇಳಿದ್ದು ನೆನಪುಂಟಾ? ತೆಗೆದಷ್ಟೂ ಮುಗಿಯದ ಗಣಿ ಎಂದಿದ್ದಿರಿ."

ನನಗೆ ನೆನಪಿತ್ತು. ರತ್ನಗಳಿಗೆ ಆಕರ, ಅಂದರೆ ಗಣಿ, ಎಂಬಷ್ಟೇ ಶಬ್ದದ ಅರ್ಥ. 'ಮುಗಿಯದ' ಎಂಬುದು ನಾನು ಸೇರಿಸಿದುದು. ಅದೇ ಅಮರಕೋಶದಲ್ಲಿ ಸಮುದ್ರಕ್ಕೆ ಯಾದಃಪತಿ, ಜಲಜಂತುಗಳ ಒಡೆಯ, ಎಂಬ ಹೆಸರೂ ಉಂಟು. ಅದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದೆನೇ ಹೊರತು ವಿವರಿಸಲಿಲ್ಲ.

ಅಷ್ಟರಲ್ಲಿ ಒಬ್ಬ ಯುವಕನು ಅಳತೆಯ ಹಲಗೆಯನ್ನೂ ಪುಸ್ತಕವನ್ನೂ ಹಿಡಿದು ಬಂದನು. ಮೀನುಗಳ ಲೆಕ್ಕ ಬರೆಯುವವನಂತೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು 1947ರಲ್ಲಿ ಸ್ಥಾಪಿತವಾದುದು. ದೇಶದ ಕರಾವಳಿಯಲ್ಲೆಲ್ಲ ಅವರ ಕಡೆಯವರು ಹೀಗೆ ಆಯ್ದ ದಿನ, ಆಯ್ದ ದೋಣಿಗಳ ಮೀನನ್ನು ಅಳೆದು, ಅದರಿಂದ ಇಡೀ ಕರಾವಳಿಯ ಮೊತ್ತವನ್ನು ಅಂದಾಜು ಮಾಡುತ್ತಾರೆ. ಉದ್ದವೆಷ್ಟು, ತೂಕವೆಷ್ಟು, ಹೊಟ್ಟೆಯಲ್ಲಿ ಮೊಟ್ಟೆ ಬಲಿತಿದೆಯೇ ಎಂದು ನೋಡುತ್ತಾರೆ. ಮೀನಿನ ಕಿವಿಯೊಳಗಿನ ಸಣ್ಣ ಕಲ್ಲಿನಲ್ಲಿ ಮರದ ಉಂಗುರಗಳಂತೆ ಗೆರೆಗಳಿದ್ದು, ಅವುಗಳಿಂದ ವಯಸ್ಸನ್ನು ತಿಳಿಯಬಹುದೆಂಬುದನ್ನು ಕೇಳಿ ನನಗೆ ಪರಮಾಶ್ಚರ್ಯವಾಯಿತು.

ಒಂದು ಮೀನಿನ ಕುಲಕ್ಕೆ ಅಪಾಯವೆಷ್ಟೆಂದು ತೂಗಲು ಮುಖ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಕಳೆದುಕೊಂಡುದನ್ನು ಅದು ಎಷ್ಟು ಬೇಗ ತುಂಬಿಕೊಳ್ಳಬಲ್ಲುದು? ಬಲೆಗೆ ಎಷ್ಟು ಸುಲಭವಾಗಿ ಸಿಕ್ಕುವುದು? ಬೂತಾಯಿಯು ಹುಟ್ಟಿದ ವರ್ಷದೊಳಗೇ ಬಲಿತು ಸಹಸ್ರಾರು ಮೊಟ್ಟೆಗಳನ್ನಿಡುತ್ತದೆ. ತಾಟೆ ಮೀನುಗಳಲ್ಲಿ ಹಲವು ಜಾತಿಗಳು ಬಲಿಯುವುದಕ್ಕೇ ಅನೇಕ ವರ್ಷಗಳು ಬೇಕು. ಹಾಕುವ ಮರಿಗಳೂ ಕೆಲವೇ. ತೋಟದವರಿಗೆ ಇದು ಸುಲಭವಾಗಿ ತಿಳಿಯುವುದು. ಬಾಳೆಯನ್ನು ಕಡಿದರೆ ಬುಡದ ಕಂದು ಮುಂದಿನ ವರುಷ ಗೊನೆ ಹಾಕುತ್ತದೆ. ಹಲಸಿನ ಮರವನ್ನು ಕಡಿದವನ ಮನೆಯಲ್ಲಿ ಹಣ್ಣು ತಿನ್ನುವವರು ಮೊಮ್ಮಕ್ಕಳು. ಬುಟ್ಟಿಯ ತೂಕವೊಂದನ್ನೇ ನೋಡುವವನಿಗೆ ಈ ಭೇದವು ಕಾಣುವುದಿಲ್ಲ.

ಹಾಗೆಂದು ಬೂತಾಯಿಯ ಪಾಡೂ ನಿಶ್ಚಿಂತವಲ್ಲ. ಮಳೆಗಾಲದ ಗಾಳಿಯಿಂದ ಆಳದ ತಣ್ಣೀರು ಮೇಲಕ್ಕೆ ಬರುವುದು. ಅದರ ಸಾರದಿಂದ ಕಣ್ಣಿಗೆ ಕಾಣದ ಸಸ್ಯಕಣಗಳು ಬೆಳೆದರೆ ಬೂತಾಯಿಗೆ ಸುಭಿಕ್ಷ, ಬೆಳೆಯದಿದ್ದರೆ ದುರ್ಭಿಕ್ಷ. 1920ರ ದಶಕದಲ್ಲಿಯೇ ಮದರಾಸು ಸರಕಾರದ ಜೇಮ್ಸ್ ಹಾರ್ನೆಲ್, ರಾಮಸ್ವಾಮಿ ನಾಯುಡು ಎಂಬವರು ಈ ಮೀನಿನ ಜೀವನಕ್ರಮವನ್ನೂ ಅದರ ಆಹಾರವನ್ನೂ ಕುರಿತು ಬರೆದಿದ್ದರು. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ನು ಸಿಕ್ಕಿದ ಬೂತಾಯಿಯು 2021ರಲ್ಲಿ ಸಿಕ್ಕಿದುದು 3,297 ಟನ್ನು ಮಾತ್ರ! ಕಡಲಿನ ಬಿಸಿ ಎಷ್ಟರ ಮಟ್ಟಿಗೆ ಕಾರಣ, ಮರಿಗಳನ್ನು ಹಿಡಿದುದು ಎಷ್ಟರ ಮಟ್ಟಿಗೆ ಎಂಬುದನ್ನು ಬಿಡಿಸಿ ಹೇಳುವುದು ಕಷ್ಟ. ಗಾಳಿಯ ಮೇಲೆ ನಮಗೆ ಅಧಿಕಾರವಿಲ್ಲ; ಬಲೆಯ ಕಣ್ಣಿನ ಮೇಲೆ ಉಂಟು. ಕೇರಳದವರು 2015ರಲ್ಲಿ 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿಯನ್ನೂ 14ಕ್ಕಿಂತ ಚಿಕ್ಕ ಬಂಗುಡೆಯನ್ನೂ ಹಿಡಿಯಕೂಡದೆಂದು ವಿಧಿಸಿದರು.

ನನ್ನ ಬಾಲ್ಯದಲ್ಲಿ ಈ ತೀರದಲ್ಲಿ ರಂಪಣಿ ಬಲೆಯಿತ್ತು. ಒಂದು ದೋಣಿಯು ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು ಬಂದರೆ, ಎರಡು ತುದಿಗಳ ಹಗ್ಗವನ್ನು ಊರಿಗೆ ಊರೇ ನಿಂತು ಎಳೆಯುವುದು. ಕೂಗು ಕೇಳಿದೊಡನೆ ಶಾಲೆಯ ಹುಡುಗರು ಓಡಿಹೋಗುತ್ತಿದ್ದೆವು. ಹಗ್ಗಕ್ಕೆ ಕೈ ಹಾಕಿದವನಿಗೆಲ್ಲ ಪಾಲು. ಮೀನು ವಿಪರೀತವಾದರೆ ತೆಂಗಿನ ಬುಡಕ್ಕೆ ಗೊಬ್ಬರ. ಅದು ದಡಕ್ಕೆ ತಾನಾಗಿ ಬಂದ ಮೀನನ್ನು ಹಿಡಿಯುವ ಬಲೆಯೇ ಹೊರತು ಕಡಲಿನಲ್ಲಿ ಅಟ್ಟಿಕೊಂಡು ಹೋಗುವುದಲ್ಲ. 1970ರ ದಶಕದ ನಡುವೆ ಪರ್ಸೀನ್ ದೋಣಿಗಳು ಬಂದು, ಮೀನಿನ ಹಿಂಡನ್ನು ದೂರದಲ್ಲಿಯೇ ಸುತ್ತುಗಟ್ಟಿ ಎತ್ತತೊಡಗಿದುವು. ಕೆಲವೇ ವರ್ಷಗಳಲ್ಲಿ ರಂಪಣಿಯು ಮೂಲೆಗೆ ಸೇರಿತು.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮೀನು ಹಿಡಿಯುವವರು ಆರನೆಯ ಒಂದು ಪಾಲನ್ನು ಕೊಡಬೇಕೆಂದು ವಿಧಿಯಿದೆ. ಆ ಲೆಕ್ಕವು ದಡಕ್ಕೆ ಬಂದುದರದು. ಈ ಯುವಕನು ಬರೆಯುವುದು ನೀರಿನಲ್ಲಿ ಉಳಿದುದೆಷ್ಟೆಂದು ಊಹಿಸುವುದಕ್ಕೆ. ಈ ಕೆಲಸಕ್ಕೆ ಇನ್ನೂ ಹೆಚ್ಚು ಜನರೂ ಹಣವೂ ಬೇಕೆಂಬುದು ನನ್ನ ಅಭಿಪ್ರಾಯ.

ಇದನ್ನು ಹೇಳಿದಾಗ ಶಿಷ್ಯನು ಒಪ್ಪಿದನು; ಆದರೆ ಮುಖ ಅರಳಲಿಲ್ಲ. "ಲೆಕ್ಕ ಸರಿಯೇ, ಮಾಷ್ಟ್ರೇ. ಹೋದ ವರ್ಷ ನಾನು ದೊಡ್ಡ ಕಣ್ಣಿನ ಬಲೆ ಹಾಕಿದೆ. ನಾನು ಬಿಟ್ಟ ಮರಿ ಪಕ್ಕದ ದೋಣಿಯವನ ಬಲೆಗೆ ಬಿತ್ತು. ಡೀಸೆಲಿನ ಸಾಲ ನನ್ನ ತಲೆಯ ಮೇಲೆ ಉಳಿಯಿತು. ಎಲ್ಲರಿಗೂ ಒಂದೇ ಕಣ್ಣು ಆದರೆ ನಾನು ನಾಳೆಯೇ ತಯಾರು."

"ಈ ವರ್ಷ ಯಾವುದು ಹಾಕಿದ್ದೀ?" ಎಂದು ಕೇಳಿದೆನು.

ಅವನು ಉತ್ತರ ಕೊಡದೆ ರಾಶಿಯ ಕಡೆಗೆ ನೋಡಿದನು. ಯುವಕನು ಅದರಿಂದ ಒಂದು ಬೊಗಸೆ ಮರಿಗಳನ್ನು ತೆಗೆದು, ಒಂದೊಂದನ್ನೇ ಹಲಗೆಯ ಮೇಲೆ ನೀಳವಾಗಿಟ್ಟು, ಉದ್ದವನ್ನು ಗಟ್ಟಿಯಾಗಿ ಓದುತ್ತ ಬರೆಯುತ್ತಿದ್ದನು. ಏಳು, ಎಂಟು, ಏಳೂವರೆ. ಲಾರಿಯವನು ಬೇಗ ಮುಗಿಸೆಂದು ಅವಸರಪಡಿಸುತ್ತಿದ್ದನು.