ಮೂವತ್ತು ವರ್ಷದ ರೋಗ, ನಲವತ್ತೊಂದು ಪೈಸೆ

ಕೋಲಾರ, ಜೂನ್ 9, 2025, ಸೋಮವಾರ

ಸಂಶೋಧನೆಗಳ ವಿಮರ್ಶೆಯೊಂದಕ್ಕಾಗಿ ಬೆಳಗಿನಿಂದ ಲೇಖನಗಳ ಸಾರಾಂಶ ಓದಿ ಬೇಕು-ಬೇಡ ಎಂದು ಗುರುತು ಹಾಕುವುದೇ ಕೆಲಸ. ಇಲ್ಲಿ ನಾನು, ಬೆಂಗಳೂರಿನಲ್ಲಿ ಸಹೋದ್ಯೋಗಿ. ಒಬ್ಬರ ತೀರ್ಪು ಇನ್ನೊಬ್ಬರಿಗೆ ಕಾಣಬಾರದು. ಹೊಂದದಿದ್ದರೆ ಮೂರನೆಯವರ ಹತ್ತಿರ ಪಂಚಾಯ್ತಿ. ಪ್ರಶ್ನೆ ಇಷ್ಟೆ: ಕುಡಿಯುವ ನೀರಿನಿಂದ ಫ್ಲೋರೈಡ್ ತೆಗೆಯಲು ಹಾಕಿದ ದುಡ್ಡಿಗೆ ಎಷ್ಟು ಆರೋಗ್ಯ ದಕ್ಕುತ್ತದೆ?

ಫ್ಲೋರೈಡ್, ನೀರು, ವೆಚ್ಚ ಎಂದು ಹುಡುಕಿದರೆ ಬಂದು ಬೀಳುವುದು ಹಲ್ಲು ಹುಳುಕಾಗದಿರಲೆಂದು ನೀರಿಗೆ ಫ್ಲೋರೈಡ್ ಸೇರಿಸುವ ದೇಶಗಳ ಲೆಕ್ಕ. 2015ರ ಕಾಕ್ರೇನ್ ವಿಮರ್ಶೆ 155 ಅಧ್ಯಯನಗಳನ್ನು ಸೋಸಿದ್ದೂ ಹಾಗೆ ಸೇರಿಸಿದರೆ ಹುಳುಕು ತಗ್ಗುತ್ತದೆಯೇ ಎಂದು ನೋಡಲು. ನಮ್ಮದು ತದ್ವಿರುದ್ಧ. 1937ರಲ್ಲೇ ಶಾರ್ಟ್ ಮತ್ತು ಸಂಗಡಿಗರು ಮದ್ರಾಸ್ ಪ್ರಾಂತ್ಯದಲ್ಲಿ ಅತಿಯಾದ ಫ್ಲೋರೈಡ್‌ನಿಂದ ಹಲ್ಲು, ಮೂಳೆ ಕೆಡುವ ಫ್ಲೋರೋಸಿಸ್ ಬಗ್ಗೆ ಬರೆದರು. ರೋಗದ ವರ್ಣನೆ ಅಷ್ಟು ಹಳೆಯದು. ಖರ್ಚಿನ ಲೆಕ್ಕ ಮಾತ್ರ ಇವತ್ತಿಗೂ ತೆಳು.

ಮಾಲೂರು, ಜೂನ್ 11, ಬುಧವಾರ

ಹಳ್ಳಿಯೊಂದರ ಶುದ್ಧ ನೀರಿನ ಘಟಕದ ಮುಂದೆ ಕ್ಯಾನುಗಳ ಸಾಲು. ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್. ಒಬ್ಬಾಕೆ ಹೇಳಿದರು: "ಕುಡಿಯಾಕೆ ಈ ನೀರು ಸಾರ್. ಅಡುಗೆಗೆ ಬೋರ್ ನೀರೇ. ಎಲ್ಲದಕ್ಕೂ ಹೊತ್ತು ತರಾಕಾಯ್ತದಾ?"

ನಮ್ಮ ಖರ್ಚು-ಲಾಭದ ಕೋಷ್ಟಕದಲ್ಲಿ ಈ ಮಾತಿಗೆ ಜಾಗವಿಲ್ಲ. ಸರ್ಕಾರದ ಖರ್ಚನ್ನಷ್ಟೇ ಎಣಿಸಿದರೆ ಯಂತ್ರ, ವಿದ್ಯುತ್, ದುರಸ್ತಿ ಬರುತ್ತವೆ. ಆಕೆಯ ನಾಣ್ಯ, ನಡಿಗೆ, ಕಾದ ಹೊತ್ತು ಬರುವುದಿಲ್ಲ. ಮುದ್ದೆಗೂ ಸಾರಿಗೂ ಬೋರ್ ನೀರೇ ಆದರೆ ಫ್ಲೋರೈಡ್ ಒಲೆಯ ದಾರಿಯಲ್ಲಿ ಹೊಟ್ಟೆ ಸೇರುತ್ತದೆ. ಘಟಕದ ನೀರಿನ ಗುಣವನ್ನಷ್ಟೇ ಅಳೆದರೆ ಲಾಭ ಹಿಗ್ಗಿ ಕಾಣುತ್ತದೆ. ಮಾಲೂರು ಪಟ್ಟಣಕ್ಕೆ ಯರಗೋಳ್ ಜಲಾಶಯವಿದೆ, 2023ರಲ್ಲಿ ಉದ್ಘಾಟನೆಯಾಯಿತು. ಈ ಹಳ್ಳಿಗೆ ಇನ್ನೂ ಕೊಳವೆಬಾವಿಯೇ ಗತಿ.

ಮುಳಬಾಗಿಲು, ಜೂನ್ 13, ಶುಕ್ರವಾರ

ಮಧ್ಯಾಹ್ನ ಗಡಿ ಕಡೆಯ ಊರು. ಅರ್ಧ ಮಾತು ಕನ್ನಡ, ಅರ್ಧ ತೆಲುಗು. ಘಟಕಕ್ಕೆ ಬೀಗ, ನೀರು ಸೋಸುವ ಮೆಂಬ್ರೇನ್ ಹೋಗಿದೆ, ಬದಲಿಸುವವರು ಬಂದಿಲ್ಲ ಎಂದರು. ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪಿತ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ಭಾರತೀಯ ಮಾನಕ. ಬೀಗದ ಹಿಂದಿನ ಯಂತ್ರಕ್ಕೆ ಯಾವ ಮಾನಕ?

ನಾವು ಕ್ರೋಡೀಕರಿಸುವ ಎಷ್ಟೋ ಅಂಕಿಗಳು ಯಂತ್ರ ಓಡುತ್ತಿದ್ದ ದಿನಗಳವು. ಕೆಟ್ಟು ನಿಂತ ದಿನಗಳನ್ನೂ ಸೇರಿಸದೆ ಸರಾಸರಿ ತೆಗೆಯಬಾರದು. ರಾತ್ರಿ ಸಹೋದ್ಯೋಗಿಗೆ ಇದನ್ನೇ ಫೋನಿನಲ್ಲಿ ಹೇಳಿದೆ. "ಪ್ರಕಟವಾಗದ್ದನ್ನು ಹೇಗ್ರೀ ಸೇರಿಸೋದು?" ಅಂದರು. ಜಗಳ ಮುಗಿದಿಲ್ಲ.

ಶ್ರೀನಿವಾಸಪುರ, ಜೂನ್ 16, ಸೋಮವಾರ

ಮಂಡಿಯಲ್ಲಿ ತೋತಾಪುರಿ ಮಾವಿನ ರಾಶಿ, ಬೆಲೆಯಿಲ್ಲ. ಆಂಧ್ರದ ಚಿತ್ತೂರಿನವರು ನಮ್ಮ ಕಾಯಿಗೆ ಗಡಿ ಮುಚ್ಚಿದ್ದಾರೆ. ನೀರಿನ ಮಾತೆತ್ತಿದರೆ ಹಿರಿಯರೊಬ್ಬರು, "ಮೊಣಕಾಲು ನೋವು ಇದ್ದಿದ್ದೇ ಬುಡಪ್ಪ. ಈ ವಾರ ಕಾಯಿ ಹೋಗಲಿ ಮೊದ್ಲು" ಎಂದರು.

ಖರ್ಚು-ಲಾಭ ಎಣಿಸುವ ನಮ್ಮ ಮಾದರಿಯೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ. ದೇಶದ ಆರೋಗ್ಯ ತಂತ್ರಜ್ಞಾನ ಮೌಲ್ಯಮಾಪನದ ಮಾರ್ಗಸೂಚಿಯಂತೆ ಮುಂದಿನ ಲಾಭವನ್ನು ವರ್ಷಕ್ಕೆ ಶೇ 3ರಂತೆ ಇಳಿಸುತ್ತೇವೆ. ಮೂವತ್ತು ವರ್ಷದ ನಂತರದ ಒಂದು ರೂಪಾಯಿಗೆ ಇಂದಿನ ಬೆಲೆ 41 ಪೈಸೆ. ಹಾವು ಕಚ್ಚಿದವನನ್ನು ಉಳಿಸಿದರೆ ಲಾಭ ಇಂದಿನಿಂದಲೇ ಶುರುವಾಗುತ್ತದೆ. ಇಂದು ಶುದ್ಧ ನೀರು ಕುಡಿದ ಮಗುವಿನ ಬೆನ್ನು ಮೂವತ್ತೈದರಲ್ಲಿ ಬಗ್ಗದಿದ್ದರೆ, ಆ ಲಾಭದ ಅರ್ಧಕ್ಕೂ ಹೆಚ್ಚು ಕಾಗದದ ಮೇಲೆಯೇ ಕರಗಿರುತ್ತದೆ. ಹಿರಿಯರ ಅವಸರಕ್ಕೆ ಕಾರಣವಿದೆ, ಈ ವಾರದ ಕಾಯಿ ಮುಂದಿನ ವಾರಕ್ಕೆ ಕೊಳೆಯುತ್ತದೆ. ಸರ್ಕಾರಕ್ಕೆ ಆ ಅವಸರವಿಲ್ಲ.

ವರದಿಯಲ್ಲಿ ಶೇ 3ರ ಲೆಕ್ಕದ ಪಕ್ಕದಲ್ಲೇ, ಅನುಬಂಧಕ್ಕೆ ತಳ್ಳದೆ, ಸೊನ್ನೆ ದರದ ಲೆಕ್ಕವನ್ನೂ ಇಡಬೇಕು. ಮನೆಯವರ ಖರ್ಚು, ಕೆಟ್ಟ ಯಂತ್ರದ ದಿನಗಳು ಮುಖ್ಯ ಕೋಷ್ಟಕಕ್ಕೇ ಬರಬೇಕು. ಇವಿಲ್ಲದೆ ಫ್ಲೋರೈಡ್ ತೆಗೆಯುವುದು ದುಬಾರಿ ಎಂದು ಯಾರು ಬರೆದರೂ ಅದನ್ನು ನಂಬಬೇಕಿಲ್ಲ, ನಾನೇ ಬರೆದರೂ.