ಮಸಲ್ ಕಾರಿನ ಬೆಲೆ: ಕೆಲವು ಟಿಪ್ಪಣಿಗಳು

1968ರಲ್ಲಿ ಬಂದ ಪ್ಲಿಮತ್ ರೋಡ್ ರನ್ನರ್ ಕಾರಿನ ನೆಲಕ್ಕೆ ಕಾರ್ಪೆಟ್ ಇರಲಿಲ್ಲ, ರಬ್ಬರ್ ಹಾಸು ಮಾತ್ರ. ಮುಂದುಗಡೆ ಉದ್ದನೆಯ ಒಂದೇ ಬೆಂಚ್ ಸೀಟು. ಅಲಂಕಾರಕ್ಕೆ ಹೋಗಬೇಕಾದ ಹಣವನ್ನೆಲ್ಲ ಉಳಿಸಿ 383 ಕ್ಯೂಬಿಕ್ ಇಂಚಿನ, ಅಂದರೆ ಸುಮಾರು 6.3 ಲೀಟರಿನ, ವಿ-8 ಇಂಜಿನ್ನಿಗೆ ಹಾಕಿದ್ದರು. ಬೆಲೆ 2,896 ಡಾಲರಿನಿಂದ ಶುರು. ದುಂದು ಎನ್ನಬಹುದಾದದ್ದು ಒಂದೇ: ಕಾರ್ಟೂನ್ ಹಕ್ಕಿಯ ಹೆಸರನ್ನೂ ಚಿತ್ರವನ್ನೂ ಬಳಸಲು ವಾರ್ನರ್ ಬ್ರದರ್ಸ್‌ಗೆ ಕೊಟ್ಟ 50,000 ಡಾಲರ್. ಜೇಬಿನಲ್ಲಿ ಹೆಚ್ಚು ಹಣವಿಲ್ಲದ, ವೇಗದ ಹುಚ್ಚು ಹಿಡಿದ ಇಪ್ಪತ್ತರ ಹುಡುಗರಿಗಾಗಿಯೇ ಮಾಡಿದ ಕಾರು ಅದು.

ಅದೇ ಕಾರು ಇವತ್ತು ಓಡುವ ಸ್ಥಿತಿಯಲ್ಲಿ, ನೋಡಲು ಲಕ್ಷಣವಾಗಿ ಬೇಕೆಂದರೆ 20 ಸಾವಿರ ಡಾಲರಿಗೆ ಸಿಗುವುದಿಲ್ಲ. ಕಡಿಮೆ ಸಂಬಳದವನಿಗೆಂದು ಹುಟ್ಟಿದ ಗಾಡಿ ಕಡಿಮೆ ಸಂಬಳದವನ ಕೈಗೆ ಎಟುಕದಂತಾದದ್ದು ಹೇಗೆ? ನನ್ನ ಈ ಟಿಪ್ಪಣಿ ಪುಸ್ತಕದ ಪುಟಗಳು ತುಂಬಿದ್ದು ಹೆಚ್ಚಾಗಿ ಈ ಪ್ರಶ್ನೆಯಿಂದ.

*

20 ಸಾವಿರ ಎಂಬ ಲೆಕ್ಕ ನನ್ನದಲ್ಲ, ತಮ್ಮನದು. ಡೆಟ್ರಾಯಿಟ್ ಹೊರವಲಯದ ಟ್ರಾಯ್‌ನಲ್ಲಿದ್ದಾನೆ, ಕಾರಿನ ಬ್ರೇಕ್ ವಿನ್ಯಾಸ ಅವನ ಉದ್ಯೋಗ. ಈ ಕಡೆ ಕಾರು ಕಂಪನಿಗಳಲ್ಲಿ ದುಡಿಯುವ ಕನ್ನಡದವರಿಗೆ ಲೆಕ್ಕವಿಲ್ಲ. ಆದರೆ ಅರವತ್ತರ ದಶಕದ ಕಾರೊಂದನ್ನು ಮನೆಗೆ ತರಬೇಕೆಂಬ ಹಟ ಅವನ ಗೆಳೆಯರ ಬಳಗದಲ್ಲಿ ಇನ್ನೊಬ್ಬರಿಗಿದ್ದದ್ದು ನಾನು ಕಾಣೆ. ಶನಿವಾರ ಬಂದರೆ ಎಲ್ಲೋ ಒಂದು ಊರಿನ ಯಾರದೋ ಗ್ಯಾರೇಜಿನ ಮುಂದೆ ನಿಂತಿರುತ್ತೇವೆ. ಅವನು ಕಾರಿನ ಅಡಿಗೆ ನುಸುಳುತ್ತಾನೆ, ನಾನು ಬರೆದುಕೊಳ್ಳುತ್ತೇನೆ.

*

ಬಾಗಿಲು ಹೆಚ್ಚಾದರೆ ಬೆಲೆ ಇಳಿಯುತ್ತದೆ. ಒಂದೇ ವರ್ಷದ, ಒಂದೇ ಇಂಜಿನ್ನಿನ ಎರಡು ಷೆವೆಲ್ ಕಾರುಗಳು: ಎರಡು ಬಾಗಿಲಿನದಕ್ಕೆ ಜನ ಮುಗಿಬೀಳುತ್ತಾರೆ, ನಾಲ್ಕು ಬಾಗಿಲಿನದನ್ನು ಬಿಡಿಭಾಗಕ್ಕಾಗಿ ಬಿಚ್ಚುತ್ತಾರೆ. ಮಕ್ಕಳಿರುವ ಮನೆಗೆ ಎರಡನೆಯದೇ ಅನುಕೂಲ. ಅನುಕೂಲಕ್ಕೆ ಇಲ್ಲಿ ಬೆಲೆಯಿಲ್ಲ.

*

ಕಾಗದಕ್ಕೆ ಮಾತ್ರ ಬೆಲೆ ಇದೆ. ಅದೂ ಎಂಥ ಕಾಗದ! ಕಾರ್ಖಾನೆಯಲ್ಲಿ ಯಾವ ಕಾರಿಗೆ ಯಾವ ಭಾಗ ಜೋಡಿಸಬೇಕೆಂದು ಕೆಲಸಗಾರರಿಗೆ ತಿಳಿಸಲು ಒಂದು ಹಾಳೆ ಇರುತ್ತಿತ್ತು, ಬಿಲ್ಡ್ ಶೀಟ್. ಕೆಲಸ ಮುಗಿದ ಮೇಲೆ ಅದನ್ನು ಹಿಂದಿನ ಸೀಟಿನ ಸ್ಪ್ರಿಂಗಿನ ಸಂದಿಗೋ ಪೆಟ್ರೋಲ್ ಟ್ಯಾಂಕಿನ ಮೇಲಕ್ಕೋ ತುರುಕಿಬಿಡುತ್ತಿದ್ದರು. ಐವತ್ತು ವರ್ಷದ ಮೇಲೆ ಸೀಟು ಬಿಚ್ಚಿದಾಗ ಆ ಹಾಳೆ ಸಿಕ್ಕಿದರೆ ಕಾರಿನ ಬೆಲೆಯೇ ಬೇರೆಯಾಗುತ್ತದೆ.

ಇದಕ್ಕೆ ಕಾರಣ ತಿಳಿಯಬೇಕಾದರೆ 1964ಕ್ಕೆ ಹೋಗಬೇಕು. ಮಧ್ಯಮ ಗಾತ್ರದ ಕಾರಿಗೆ 330 ಕ್ಯೂಬಿಕ್ ಇಂಚಿಗಿಂತ ದೊಡ್ಡ ಇಂಜಿನ್ ಕೂಡದೆಂದು ಜನರಲ್ ಮೋಟರ್ಸ್ ತನ್ನ ವಿಭಾಗಗಳಿಗೆ ಕಟ್ಟಪ್ಪಣೆ ಮಾಡಿತ್ತು. ಪಾಂಟಿಯಾಕ್ ವಿಭಾಗದ ಮುಖ್ಯ ಇಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಅವನ ಸಂಗಡಿಗರು ಒಂದು ಸಂದು ಹುಡುಕಿದರು. ಹೊಸ ಕಾರಿಗೆ ಮೇಲಿನವರ ಒಪ್ಪಿಗೆ ಬೇಕು. ಇರುವ ಕಾರಿಗೆ ಗಿರಾಕಿ ಕೇಳಿ ಹಾಕಿಸಿಕೊಳ್ಳುವ ಹೆಚ್ಚುವರಿ ಪ್ಯಾಕೇಜಿಗೆ ಬೇಡ. ಹಾಗಾಗಿ ಟೆಂಪೆಸ್ಟ್ ಲೆಮಾನ್ಸ್ ಎಂಬ ಸಾಧಾರಣ ಕಾರಿಗೆ 389 ಇಂಚಿನ ಇಂಜಿನ್ ಕೂರಿಸಿ, ಜಿಟಿಒ ಎಂದು ಹೆಸರಿಟ್ಟು, ಸುಮಾರು 295 ಡಾಲರಿನ ಪ್ಯಾಕೇಜಾಗಿ ಮಾರಿದರು. ಐದು ಸಾವಿರ ಹೋದರೆ ಸಾಕೆಂದುಕೊಂಡಿದ್ದರು, ಆ ವರ್ಷ 32,450 ಹೋದವು. ಸಾಧಾರಣ ಒಡಲಿನಲ್ಲಿ ದೊಡ್ಡ ಇಂಜಿನ್ ಇಟ್ಟ ಈ ಮಸಲ್ ಕಾರುಗಳ ಯುಗ ಶುರುವಾದದ್ದು ಇಲ್ಲಿಂದ ಎಂದು ಹೆಚ್ಚಿನವರು ಒಪ್ಪುತ್ತಾರೆ.

ಆದರೆ ಪ್ಯಾಕೇಜ್ ಆಗಿದ್ದರಿಂದ 1964, 65ರ ಕಾರುಗಳ ಗುರುತಿನ ಸಂಖ್ಯೆಯಲ್ಲಿ ಜಿಟಿಒ ಎಂಬ ಸುಳಿವೇ ಇಲ್ಲ. ಸಾಧಾರಣ ಲೆಮಾನ್ಸ್ ತಂದು, ಇಂಜಿನ್ ಬದಲಿಸಿ, ಹೆಸರಿನ ಬಿಲ್ಲೆ ಅಂಟಿಸಿದರೆ ಕಣ್ಣಿಗೆ ಜಿಟಿಒ. 1966ರಿಂದ ಅದು ಪ್ರತ್ಯೇಕ ಮಾದರಿಯಾಯಿತು. 1971ರವರೆಗೆ ಸಂಖ್ಯೆ 242ರಿಂದ ಶುರುವಾದರೆ ಮಾತ್ರ ಅಸಲಿ. ತಮ್ಮನ ಫೋನಿನಲ್ಲಿ ಇಂಥ ಗುರುತುಗಳ ಪಟ್ಟಿಯೇ ಇದೆ. 1965ರ ಫೋರ್ಡ್ ಮಸ್ಟಾಂಗ್‌ನಲ್ಲಿ ಗುರುತಿನ ಸಂಖ್ಯೆಯ ಐದನೆಯ ಅಕ್ಷರ ಇಂಜಿನ್ ಹೇಳುತ್ತದೆ: ಟಿ ಎಂದರೆ ಆರು ಸಿಲಿಂಡರ್, ಸಿ ಅಥವಾ ಎ ಎಂದರೆ 289 ವಿ-8, ಕೆ ಎಂದರೆ ಅದರಲ್ಲೇ ಅತಿ ಬಲದ್ದು. ಬಾನೆಟ್ ಎತ್ತಿದರೆ ವಿ-8 ಕಂಡು, ತಗಡಿನ ಮೇಲೆ ಟಿ ಕಂಡರೆ, ನಡುವೆ ಏನೋ ನಡೆದಿದೆ ಎಂದರ್ಥ. ನಡೆದದ್ದು ಕೆಟ್ಟದ್ದೇ ಆಗಿರಬೇಕೆಂದಿಲ್ಲ. ಅಸಲಿಯ ಬೆಲೆ ಕೇಳದೆ, ಬದಲಿಸಿದ ಇಂಜಿನ್ ಎಂದು ಹೇಳಿಯೇ ಮಾರುವವರೂ ಇದ್ದಾರೆ. ಓಡಿಸುವ ಸುಖಕ್ಕೆ ಕಾರು ಬೇಕಾದವನಿಗೆ ಅಂಥವರಿಂದ ಕೊಳ್ಳುವುದೇ ಲಾಭ ಎಂದು ನನಗನಿಸುತ್ತದೆ.

*

"ಅಕ್ಕ, ಬಣ್ಣ ನೋಡ್ಬೇಡ. ಬಗ್ಗಿ ಕೆಳಗ್ ನೋಡು."

ಡೆಟ್ರಾಯಿಟ್ ನಗರದ ಅಡಿಯಲ್ಲೇ, ಸುಮಾರು 1,200 ಅಡಿ ಆಳದಲ್ಲಿ, ಉಪ್ಪಿನ ಗಣಿ ಇದೆ. ಚಳಿಗಾಲದಲ್ಲಿ ಹಿಮ ಕರಗಿಸಲು ಆ ಉಪ್ಪನ್ನು ರಸ್ತೆಗೆ ಸುರಿಯುತ್ತಾರೆ. ಉಪ್ಪಿಗೆ ತಗಡು ತುಕ್ಕು ಹಿಡಿಯುತ್ತದೆ. ಕಾರು ಹುಟ್ಟಿದ ಊರಿನ ನೆಲವೇ ಕಾರನ್ನು ತಿನ್ನುತ್ತದೆ. ಅದಕ್ಕೇ ಇಲ್ಲಿನ ಜಾಹೀರಾತುಗಳಲ್ಲಿ 'ಅರಿಜೋನಾ ಕಾರು', 'ಕ್ಯಾಲಿಫೋರ್ನಿಯಾ ಕಾರು' ಎಂದು ಹೆಮ್ಮೆಯಿಂದ ಹಾಕಿಕೊಳ್ಳುವುದು. ಒಣ ಸೀಮೆಯಲ್ಲಿದ್ದದ್ದು, ತುಕ್ಕಿಲ್ಲದ್ದು ಎಂಬ ಭರವಸೆ. ಅಲ್ಲಿ ಬಿಸಿಲಿಗೆ ಸೀಟು, ಡ್ಯಾಶ್‌ಬೋರ್ಡ್ ಸೀಳಿರುತ್ತವೆ. ಸೀಳಿದ ಸೀಟನ್ನು ಹೊಲಿಸಬಹುದು.

ನೋಡಬೇಕಾದ ಜಾಗಗಳು: ಹಿಂಚಕ್ರದ ಮೇಲಿನ ತಗಡಿನ ಕೆಳಅಂಚು, ಡಿಕ್ಕಿಯ ನೆಲ, ವಿನೈಲ್ ಹೊದಿಸಿದ ಚಾವಣಿಯ ಅಂಚುಗಳು. ತಮ್ಮ ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಇಟ್ಟುಕೊಂಡಿರುತ್ತಾನೆ. ಅಂಟಿದರೆ ಉಕ್ಕು, ಅಂಟದೆ ಜಾರಿದರೆ ಬಣ್ಣದ ಕೆಳಗೆ ಪುಟ್ಟಿ. ಒಂದು ಕಡೆ ಕಡುಗೆಂಪು ಮಸ್ಟಾಂಗ್ ಒಂದರ ಬಾಗಿಲ ಕೆಳಗೆ ಮೊಳದುದ್ದ ಅಂಟಲಿಲ್ಲ. ಗೆದ್ದಲು ಹಿಡಿದ ತೊಲೆಗೆ ಬಣ್ಣ ಬಳಿದ ಹಾಗೆ, ಹೊರಗೆ ಹೊಳಪು, ಒಳಗೆ ಏನೂ ಇಲ್ಲ.

ಮಸ್ಟಾಂಗ್, ಡಾರ್ಟ್, ಡಸ್ಟರ್ ಇವಕ್ಕೆಲ್ಲ ಬೇರೆ ಚಾಸಿ ಇಲ್ಲ, ಒಡಲೇ ಚಾಸಿ. ಅಡಿಯ ತಗಡು ಕೊಳೆತರೆ ಕಾರಿನ ಬೆನ್ನೆಲುಬೇ ಹೋದಂತೆ. ಇಂಜಿನ್ ಕೆಟ್ಟರೆ ಅದಕ್ಕೊಂದು ಅಂದಾಜು ಖರ್ಚಿದೆ. ತುಕ್ಕಿಗೆ ಅಂದಾಜಿಲ್ಲ, ಒಂದು ತೂತು ಕತ್ತರಿಸಿದರೆ ಪಕ್ಕದ ತಗಡೂ ಕೊಳೆತಿರುತ್ತದೆ. ಚೆನ್ನಾಗಿ ಮಾಡಿಸಿದ ಬಣ್ಣವೊಂದೇ ಹತ್ತು ಸಾವಿರ ಡಾಲರ್ ದಾಟುತ್ತದೆ. ಆದ್ದರಿಂದ ಹಣ ಕಡಿಮೆ ಇರುವವನು ಇಂಜಿನ್ ನಿಂತುಹೋದ, ಬಣ್ಣ ಮಾಸಿದ, ಆದರೆ ತಗಡು ಗಟ್ಟಿ ಇರುವ ಕಾರನ್ನು ಕೊಳ್ಳಬೇಕು. ಮಾರುಕಟ್ಟೆ ನಡೆಯುವುದು ಇದಕ್ಕೆ ತಿರುಗಾಮುರುಗಾ. ಹೊಳೆಯುವ ಕಾರಿನ ಸುತ್ತ ಜನ, ಮಾಸಿದ ಕಾರಿನ ಹತ್ತಿರ ನಾವಿಬ್ಬರೇ.

*

1971ರ ಕಾರ್ವೆಟ್‌ನ 454 ಇಂಚಿನ ಇಂಜಿನ್ನಿಗೆ ಕಂಪನಿ ಎರಡು ಅಂಕಿ ಕೊಟ್ಟಿತ್ತು: 365 ಅಶ್ವಶಕ್ತಿ, 285 ಅಶ್ವಶಕ್ತಿ. ಇಂಜಿನ್ ಒಂದೇ. ಮೊದಲನೆಯದು ಹಳೆಯ ಲೆಕ್ಕ: ಏರ್ ಫಿಲ್ಟರ್, ಸೈಲೆನ್ಸರ್ ಇಲ್ಲದೆ, ಇತರ ಯಂತ್ರಗಳ ಹೊರೆ ಹೊರಿಸದೆ, ಇಂಜಿನ್ನನ್ನು ಸ್ಟ್ಯಾಂಡಿನ ಮೇಲೆ ಓಡಿಸಿ ಅಳೆದದ್ದು. ಎರಡನೆಯದು ಅವೆಲ್ಲವನ್ನೂ ಜೋಡಿಸಿ ಅಳೆದದ್ದು. 1972ರಿಂದ ಕಂಪನಿಗಳೆಲ್ಲ ಎರಡನೆಯ ಲೆಕ್ಕವನ್ನೇ ಹಿಡಿದವು.

ಹೀಗಾಗಿ 1970ರ ಡಸ್ಟರ್ 340ರ ಮುಂದೆ 275 ಎಂದಿದೆ, 1973ರದರ ಮುಂದೆ 240. ನಿಜವಾಗಿಯೂ ಸ್ವಲ್ಪ ಬಲ ಕುಗ್ಗಿತ್ತು, ಹೊಗೆಯ ನಿಯಮ ಬಿಗಿಯಾಗಿ ಕಂಪ್ರೆಷನ್ ಇಳಿಸಿದ್ದರು. ಆದರೆ ಅಂಕಿಗಳ ನಡುವೆ ಕಾಣುವ ಅಂತರ ಪೂರ್ತಿ ನಿಜವಲ್ಲ, ಅಳತೆಗೋಲೇ ಬದಲಾಗಿದೆ. ಇದು ಗೊತ್ತಿದ್ದವರೂ 1970ರದಕ್ಕೇ ಹೆಚ್ಚು ಕೊಡುತ್ತಾರೆ. ವಿಮೆಯವರು ಯುವಕರ ಕಂತು ಏರಿಸಿದ್ದು, 1973ರ ಅಕ್ಟೋಬರಿನ ತೈಲ ನಿರ್ಬಂಧ, ಇವೆಲ್ಲ ಸೇರಿ 1971ರ ನಂತರದ ಕಾರುಗಳಿಗೆ 'ಕೊನೆಗಾಲದವು' ಎಂಬ ಹಣೆಪಟ್ಟಿ ಬಿತ್ತು. ಹೀಗೆ ಬೆಲೆ ಇಳಿದ 73ರ ಡಸ್ಟರ್ ತಮ್ಮನ ಕೊಳ್ಳುವ ಕಾರುಗಳ ಪಟ್ಟಿಯಲ್ಲಿ ಈಗ ಎರಡನೆಯ ಜಾಗದಲ್ಲಿದೆ.

*

ಮೊದಲನೆಯ ಜಾಗದಲ್ಲಿರುವುದು ಮರ್ಕ್ಯುರಿ ಕೂಗರ್, 1967 ಅಥವಾ 68ರದು. ನನ್ನನ್ನು ಅತಿ ಹೆಚ್ಚು ಗೊಂದಲಕ್ಕೆ ಹಾಕಿದ ಕಾರು.

ಕೂಗರ್ ಮಸ್ಟಾಂಗ್‌ನ ಒಡಹುಟ್ಟು. ಫೋರ್ಡ್‌ನ ಡಿಯರ್‌ಬಾರ್ನ್ ಕಾರ್ಖಾನೆಯಲ್ಲಿ ಎರಡೂ ತಯಾರಾದವು. ಕೂಗರ್‌ನ ಚಕ್ರಗಳ ನಡುವಿನ ಅಂತರ ಮೂರು ಇಂಚು ಹೆಚ್ಚು, ಒಳಗಿನ ಕೆಲಸ ಇನ್ನೂ ನಯ. ಮಸ್ಟಾಂಗ್‌ಗೆ ಆರು ಸಿಲಿಂಡರಿನ ಇಂಜಿನ್ ಇದ್ದಾಗ 1967ರ ಕೂಗರ್ ಪ್ರತಿಯೊಂದಕ್ಕೂ ವಿ-8. ಹೆಡ್‌ಲೈಟುಗಳು ಗ್ರಿಲ್ಲಿನ ಹಿಂದೆ ಅಡಗಿರುತ್ತವೆ, ದೀಪ ಹಾಕಿದಾಗ ಮುಚ್ಚಳ ತೆರೆಯುತ್ತದೆ. ಹಿಂದೆ ತಿರುವಿನ ದೀಪಗಳು ಒಂದಾದ ಮೇಲೊಂದರಂತೆ ಒಳಗಿನಿಂದ ಹೊರಗೆ ಹೊತ್ತಿಕೊಳ್ಳುತ್ತವೆ. ಎಲೆಕ್ಟ್ರಾನಿಕ್ಸ್ ಇಲ್ಲ, ಡಿಕ್ಕಿಯೊಳಗೆ ತಿರುಗುವ ಪುಟ್ಟ ಮೋಟರಿನ ಕೆಲಸ. ಮೋಟರ್ ಟ್ರೆಂಡ್ ಪತ್ರಿಕೆ 1967ರ ವರ್ಷದ ಕಾರು ಎಂದು ಆರಿಸಿತ್ತು. ಆ ವರ್ಷ ಮಸ್ಟಾಂಗ್ 4,70,000ಕ್ಕೂ ಹೆಚ್ಚು ತಯಾರಾದರೆ ಕೂಗರ್ ಸುಮಾರು 1,50,000.

ಅಂದರೆ ಒಳ್ಳೆಯದು, ಅಪರೂಪದ್ದು, ಬಲದ್ದು. ಆದರೂ ಇವತ್ತು ಅದೇ ವರ್ಷದ, ಚಾವಣಿ ಹಿಂದಕ್ಕೆ ಇಳಿಜಾರಾಗಿ ಹೋಗುವ ಫಾಸ್ಟ್‌ಬ್ಯಾಕ್ ಮಸ್ಟಾಂಗ್‌ಗೆ ಕೊಡುವ ಹಣದ ಅರ್ಧಕ್ಕಿಂತ ಕಡಿಮೆಗೆ ಅಷ್ಟೇ ಚೆನ್ನಾಗಿರುವ ಕೂಗರ್ ಸಿಗುತ್ತದೆ.

ಒಂದು ಕಾರಣ ಸಿನಿಮಾ ಇರಬಹುದೆಂದು ಬರೆದುಕೊಂಡೆ. 1968ರ ಬುಲಿಟ್ ಚಿತ್ರದಲ್ಲಿ ಸ್ಟೀವ್ ಮೆಕ್ವೀನ್ ಓಡಿಸಿದ್ದು ಹಸಿರು ಮಸ್ಟಾಂಗ್ ಫಾಸ್ಟ್‌ಬ್ಯಾಕ್. ಆ ಕಾರು 2020ರ ಜನವರಿಯಲ್ಲಿ ಹರಾಜಿನಲ್ಲಿ 34 ಲಕ್ಷ ಡಾಲರಿಗೆ ಹೋಯಿತು. ಆದರೆ 1969ರ ಜೇಮ್ಸ್ ಬಾಂಡ್ ಚಿತ್ರದಲ್ಲಿ ಕೆಂಪು ಕೂಗರ್ ಹಿಮದ ಮೇಲೆ ಓಡಿತ್ತಲ್ಲ? ಅದೇಕೆ ಕೂಗರ್ ಬೆಲೆ ಏರಿಸಲಿಲ್ಲ? ಇದಕ್ಕೆ ಉತ್ತರ ನನ್ನ ಬಳಿ ಇಲ್ಲ. ಇನ್ನೊಂದು ಸಂಗತಿ: 1967ರ ಶೆಲ್ಬಿ ಮಸ್ಟಾಂಗ್, ಲಕ್ಷಾಂತರ ಡಾಲರ್ ಬಾಳುವ ಕಾರು, ಅದರ ಹಿಂದೀಪಗಳು ಕೂಗರ್‌ನವೇ. ಕಂಪನಿಯವರೇ ಎತ್ತಿ ಹಾಕಿದ್ದರು. ದೀಪಕ್ಕಿರುವ ಮರ್ಯಾದೆ ದೀಪ ಕೊಟ್ಟ ಕಾರಿಗಿಲ್ಲ.

ಎರಡನೆಯ ಕಾರಣ ಗಟ್ಟಿ. ಮಸ್ಟಾಂಗ್‌ನ ಪ್ರತಿ ತಗಡೂ, ಬೇಕೆಂದರೆ ಇಡೀ ಒಡಲೇ, ಹೊಸದಾಗಿ ಅಚ್ಚಾಗಿ ಸಿಗುತ್ತದೆ. ಕೂಗರ್‌ಗೆ ಇಂಜಿನ್, ಬ್ರೇಕ್, ಸಸ್ಪೆನ್ಷನ್ ಮಸ್ಟಾಂಗ್‌ನದೇ ಹೊಂದುತ್ತವೆ. ಗ್ರಿಲ್ಲು, ಹೆಡ್‌ಲೈಟಿನ ಮುಚ್ಚಳ, ಹೊರ ತಗಡು ಹೊಂದುವುದಿಲ್ಲ. ಅವನ್ನು ಹಳೆಯ ಕಾರುಗಳಿಂದ ಹುಡುಕಬೇಕು. ಆದ್ದರಿಂದ ಕೂಗರ್ ಕೊಳ್ಳುವುದಾದರೆ ಹಲ್ಲು ಮುರಿಯದ ಗ್ರಿಲ್ಲಿನದು, ಒಂದು ಪಟ್ಟಿಯೂ ಕಳೆಯದ್ದು ಆಗಿರಬೇಕು. ಓಡದಿದ್ದರೂ ಚಿಂತೆಯಿಲ್ಲ.

*

ಕೂಗರ್ ಅಗ್ಗವಾಗಿರುವುದಕ್ಕೆ ಮೂರನೆಯ ಕಾರಣ ಹೊಳೆದದ್ದು ಡೆಟ್ರಾಯಿಟಿನ ವುಡ್‌ವರ್ಡ್ ಅವೆನ್ಯೂವಿನಲ್ಲಿ. ಅರವತ್ತರ ದಶಕದಲ್ಲಿ ರಾತ್ರಿ ಹೊತ್ತು ಹುಡುಗರು ಸಿಗ್ನಲ್ಲಿಂದ ಸಿಗ್ನಲ್ಲಿಗೆ ಪಂದ್ಯ ಓಡಿಸುತ್ತಿದ್ದ ರಸ್ತೆ. 1995ರಿಂದ ಆಗಸ್ಟಿನ ಮೂರನೆಯ ಶನಿವಾರ ಅಲ್ಲಿ ಹಳೆಯ ಕಾರುಗಳ ದೊಡ್ಡ ಜಾತ್ರೆ. ರಸ್ತೆ ಬದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತವರ ಮಾತು ಕೇಳುತ್ತ ನಡೆದೆ: ಅಣ್ಣನ ಹತ್ತಿರ ಇದೇ ಕಾರಿತ್ತು, ಅಪ್ಪ ಕೊಡಿಸಲಿಲ್ಲ, ವಿಯೆಟ್ನಾಮಿಗೆ ಹೋಗುವ ಮುಂಚೆ ಮಾರಿದೆ. ಮಸ್ಟಾಂಗ್, ಜಿಟಿಒ, ರೋಡ್ ರನ್ನರ್‌ಗೆ ಇವರು ಕೊಡುವ ಹಣದಲ್ಲಿ ಆ ಕಾಲಕ್ಕೆ ಸಲ್ಲುವ ಪಾಲೂ ಇದೆ. ಅದು ಅವರಿಗೆ ಸಲ್ಲಬೇಕಾದದ್ದೇ, ನನಗದರ ಬಗ್ಗೆ ಗೌರವವಿದೆ.

ತಮ್ಮ ಬೆಳೆದದ್ದು ಹಾಸನದಲ್ಲಿ. ಅವನ ಬಾಲ್ಯದ ಬೀದಿಯಲ್ಲಿ ಓಡಿದ್ದು ಅಂಬಾಸಿಡರ್, ಪದ್ಮಿನಿ. ಈ ಕಾರುಗಳಲ್ಲಿ ಯಾವುದಕ್ಕೂ ಅವನ ನೆನಪು ಅಂಟಿಲ್ಲ. ಕಂಪ್ಯೂಟರಿಲ್ಲದ, ಕೈಯಲ್ಲೇ ಬಿಚ್ಚಿ ಜೋಡಿಸಬಹುದಾದ, ಅರ್ಥವಾಗುವ ಯಂತ್ರ ಅವನಿಗೆ ಬೇಕು. ಹಾಗಾದರೆ ಬೇರೆಯವರ ಯೌವನದ ಪಾಲನ್ನು ಅವನೇಕೆ ತೆರಬೇಕು? ಕೂಗರ್, ನಾಲ್ಕು ಬಾಗಿಲಿನ ಡಾರ್ಟ್, 73ರ ಡಸ್ಟರ್ ಇವುಗಳಲ್ಲಿ ಹೆಚ್ಚಿನ ಹಣ ಕಬ್ಬಿಣಕ್ಕೇ ಹೋಗುತ್ತದೆ. ಈ ಮಾತು ಅವನಿಗೆ ಹೇಳಿದಾಗ ತುಸು ಹೊತ್ತು ಸುಮ್ಮನಿದ್ದು, "ಆದ್ರೂ ಅಕ್ಕ, ಫಾಸ್ಟ್‌ಬ್ಯಾಕ್ ಹಿಂಭಾಗ ಚಂದ" ಅಂದ. ಅದೂ ನಿಜ.

*

ಒಹಾಯೊದಲ್ಲಿ ಕಂಡ 67ರ ಕೂಗರ್. ಮಾಸಿದ ನೀಲಿ, ಗ್ರಿಲ್ಲು ಪೂರ್ತಿ ಇದೆ. ಮಾರುವವರು ವಯಸ್ಸಾದ ದಂಪತಿ. ಫೋರ್ಡ್‌ನ ಹಳೆಯ ತಯಾರಿಕಾ ದಾಖಲೆಗಳಿಂದ ತೆಗೆಸಿದ ಮಾರ್ಟಿ ರಿಪೋರ್ಟ್ ಕೊಟ್ಟರು. 1967ರಿಂದ ಮುಂದಿನ ಫೋರ್ಡ್, ಮರ್ಕ್ಯುರಿಗಳಿಗೆ ಸಿಗುವ ಸೌಲಭ್ಯ ಇದು.

ಮಸ್ಟಾಂಗ್, ಕೂಗರ್ ಎರಡಕ್ಕೂ ಇರುವ ಹುಟ್ಟು ದೋಷ ಮುಂಗಾಜಿನ ಬುಡದಲ್ಲಿದೆ. ಗಾಳಿ ಒಳಗೆ ಬರಲು ಮಾಡಿದ ತಗಡಿನ ಪೆಟ್ಟಿಗೆಯಲ್ಲಿ ಎಲೆ, ಮಣ್ಣು ತುಂಬಿ, ನೀರು ನಿಂತು, ಒಳಗಿನಿಂದ ತುಕ್ಕು ಹಿಡಿಯುತ್ತದೆ. ಹೊರಗಿನಿಂದ ಕಾಣುವುದಿಲ್ಲ. ಸರಿಪಡಿಸಬೇಕಾದರೆ ವೆಲ್ಡಿಂಗಿನ ಚುಕ್ಕೆಗಳನ್ನು ಒಂದೊಂದಾಗಿ ಕೊರೆದು ಮೇಲಿನ ತಗಡನ್ನೇ ಎಬ್ಬಿಸಬೇಕು. ತಮ್ಮ ಆ ದಂಪತಿಯ ಅನುಮತಿ ಕೇಳಿ ಪೆಟ್ಟಿಗೆಯ ಮೇಲಿನ ಜಾಲರಿಗೆ ನೀರು ಸುರಿದ. ನಾನು ಒಳಗೆ ಬಗ್ಗಿ ಟಾರ್ಚ್ ಹಿಡಿದೆ. ಚಾಲಕನ ಕಡೆ ಒಣ. ಪಕ್ಕದ ಸೀಟಿನ ಕಡೆ ಹೀಟರ್ ಹತ್ತಿರ ಹನಿ. ಆ ಯಜಮಾನರೂ ಬಗ್ಗಿ ನೋಡಿ, ಕೇಳಿದ ಬೆಲೆಯನ್ನು ತಾವೇ ಇಳಿಸಿದರು.

*

ಆ ಕಾರಿನ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್. ಬ್ರೇಕಿನ ದ್ರವ ಮುಂದಕ್ಕೂ ಹಿಂದಕ್ಕೂ ಪ್ರತ್ಯೇಕ ದಾರಿಯಲ್ಲಿ ಹೋಗುವ ವ್ಯವಸ್ಥೆ 67ರ ಕೂಗರ್‌ನಲ್ಲಿದೆ; ಹಿಂದಿನ ವರ್ಷದ ಮಸ್ಟಾಂಗ್‌ನಲ್ಲಿ ಒಂದೇ ದಾರಿ, ಒಂದು ಪೈಪು ಒಡೆದರೆ ಬ್ರೇಕೇ ಇಲ್ಲ. ಡ್ರಮ್ ಇಟ್ಟುಕೊಂಡು ಮಕ್ಕಳನ್ನು ಕೂರಿಸುವುದಿಲ್ಲ ಎಂದು ತಮ್ಮ ಖಡಾಖಂಡಿತ. ಮುಂದಕ್ಕೆ ಡಿಸ್ಕ್ ಬ್ರೇಕ್, ಹೆಗಲ ಮೇಲೆ ಬರುವ ಬೆಲ್ಟ್ ಹಾಕಿಸಬೇಕಂತೆ. ದುಬಾರಿ ಕಾರಾಗಿದ್ದರೆ ಹೀಗೆ ಕೈಯಾಡಿಸಿದ್ದಕ್ಕೆ ಬೆಲೆ ಬಿದ್ದುಹೋಗುತ್ತಿತ್ತು. ಮೂಲ ಬೋಲ್ಟ್ ಸಹ ಬದಲಿಸಲು ಹೆದರುವ ಮಾಲೀಕರನ್ನು ಇಲ್ಲಿ ನೋಡಿದ್ದೇನೆ. ಕೂಗರ್‌ಗೆ ಆ ಭಯವಿಲ್ಲ. ಡಿಸ್ಕು, ಬೆಲ್ಟು, ತಗಡಿನ ಕೆಲಸ ಎಲ್ಲ ಸೇರಿಸಿ ಲೆಕ್ಕ ಹಾಕಿದ್ದಾನೆ, 20 ಸಾವಿರದೊಳಗೆ ಬರುತ್ತದೆ. ಬಣ್ಣಕ್ಕೆ ಮಾತ್ರ ಹಣ ಉಳಿಯುವುದಿಲ್ಲ. ಮಾಸಿದ ನೀಲಿಯಲ್ಲೇ ಓಡಿಸುತ್ತಾನಂತೆ.